ಬಿರುಗಾಳಿಯ ಕಾನೂನು ಮತ್ತು ನನ್ನ ಹೊಟ್ಟೆಕಿಚ್ಚು

ಜೂನ್ ೧೨, ಶನಿವಾರ

ಪ್ರೀತಿಯ ಗುಬ್ಬಿ,

ಅಕ್ಕನ ಆಶೀರ್ವಾದ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ತಪ್ಪು ನನ್ನದೇ. ಕೆಲಸ ಜಾಸ್ತಿ ಎಂದು ಬರೆಯಲು ಕೂತೆ. ಸುಳ್ಳು ಎನಿಸಿ ಆ ಹಾಳೆ ಹರಿದೆ. ನಿಜ ಹೇಳಿಬಿಡುತ್ತೇನೆ, ಹೊಟ್ಟೆಕಿಚ್ಚು.

ಹೊಸ ಕಾನೂನಿನ ಪ್ರತಿ ನಮ್ಮ ಹವಾಮಾನ ಕೇಂದ್ರಕ್ಕೂ ಬಂತು. ಇನ್ನು ಮೇಲೆ ಬಿರುಗಾಳಿಯ ಸುಳಿವು ಸಿಕ್ಕ ಅರ್ಧ ಗಂಟೆಯೊಳಗೆ ಎಚ್ಚರಿಕೆ ಹೊರಡಬೇಕು, ಎಲ್ಲರಿಗೂ ತಿಳಿಯುವ ಮಾತಿನಲ್ಲಿರಬೇಕು, ಏನು ಮಾಡಬೇಕೆಂದೂ ಹೇಳಬೇಕು. ಹೊಸ ರಾಡಾರ್ ಕೂಡ ಕೊಡುತ್ತಾರಂತೆ. ಗುಮಾಸ್ತ ಪತ್ರಿಕೆ ತಂದು ನನ್ನ ಮೇಜಿನ ಮೇಲೆ ಹರಡಿದ. ಶಾಸನಸಭೆಯ ಮೆಟ್ಟಿಲ ಮೇಲೆ, ಮಂತ್ರಿಗಳ ಪಕ್ಕ, ಹೂಗುಚ್ಛ ಹಿಡಿದು ನೀನು. "ಮೇಡಂ, ನಿಮ್ ತಂಗಿಯಿಂದಾನೇ ಈ ಕಾನೂನು ಬಂತಂತೆ," ಅಂದ. ಹೌದಪ್ಪ, ಅಂದೆ. ಅಂದಹಾಗೆ ಚಿತ್ರದಲ್ಲಿ ನೀನು ಹೊದ್ದಿರುವ ನೀಲಿ ಶಾಲು ನನ್ನದು ಕಣೇ.

ಬಿರುಗಾಳಿ ಬಂದ ಆ ದಿನದ ಕಥೆಯನ್ನು ಪತ್ರಿಕೆಯವರು ಅರ್ಧ ಬರೆದಿದ್ದಾರೆ. ಬೆಳಗ್ಗೆ ಆರಕ್ಕೇ ವಾಯುಭಾರ ಕುಸಿಯುವುದನ್ನು ಕಂಡವಳು ನಾನು. ನಿಯಮದಂತೆ "ಪ್ರತಿಕೂಲ ಪರಿಸ್ಥಿತಿ ಸಂಭವನೀಯ" ಎಂದು ಬರೆದು ಕಳಿಸಿದೆ. ಮೇಲಿನವರ ಸಹಿಯಾಗಿ ಅದು ರೇಡಿಯೋ ಕಚೇರಿಗೆ ಬಂದಾಗ ಹತ್ತು ಗಂಟೆ. ಓದುವವಳು ನೀನು, ಒಂದಕ್ಷರ ಬದಲಿಸುವ ಹಾಗಿರಲಿಲ್ಲ. ನೀನು ನನಗೆ ಫೋನ್ ಮಾಡಿ, "ಅಕ್ಕಾ, ಹಿಂಗಂದ್ರೆ ಏನೇ?" ಅಂದೆ. "ಮಧ್ಯಾಹ್ನದೊಳಗೆ ದಡ ಸೇರಿ ಅಂತ ಕಣೇ," ಅಂದೆ ನಾನು. ನೀನು ಅದನ್ನೇ ಓದಿಬಿಟ್ಟೆ, ಮೂರು ಸಲ. ಹನ್ನೆರಡು ದೋಣಿ ತಿರುಗಿ ಬಂದವು. ನಿನಗೆ ಮೊದಲು ನೋಟಿಸು, ಆಮೇಲೆ ಹೂಗುಚ್ಛ.

ನಿಯಮ ಮುರಿಯುವ ಗುಂಡಿಗೆ ನಿನಗಿತ್ತು, ನನಗಿರಲಿಲ್ಲ, ಒಪ್ಪುತ್ತೇನೆ. ಆ ಮಾತು ಅಕ್ಕನದು ಎಂದು ಪತ್ರಿಕೆಯವರಿಗೆ ಹೇಳಿದೆಯಂತೆ, ಯಾರೂ ಬರೆದುಕೊಳ್ಳಲಿಲ್ಲ. ನೀನು ಒಳ್ಳೆಯವಳಾಗಿರುವುದೇ ನನಗೆ ದೊಡ್ಡ ತೊಂದರೆ. ಕೆಟ್ಟವಳಾಗಿದ್ದರೆ ಒಂದು ಜಗಳದಲ್ಲಿ ಎಲ್ಲ ಮುಗಿಯುತ್ತಿತ್ತು.

ಮಗಳು ಪರೀಕ್ಷೆ ಪಾಸಾದಳು. "ಚಿಕ್ಕಮ್ಮನ ತರ ರೇಡಿಯೋ ಸೇರ್ತೀನಿ," ಅನ್ನುತ್ತಾಳೆ. ಇನ್ನೇನು, ಅದೊಂದು ಬಾಕಿ ಇತ್ತು.

ತಣ್ಣೀರು ಕುಡಿದು ಗಂಟಲು ಕೆಡಿಸಿಕೊಳ್ಳಬೇಡ. ನೂರು ಕಾಲ ಚೆನ್ನಾಗಿ ಬಾಳು.

ಇಂತಿ,
ನಿನ್ನ ಅಕ್ಕ

ತಾ.ಕ.: ಆ ಹನ್ನೆರಡರಲ್ಲಿ ನಿನ್ನ ಭಾವನ ದೋಣಿಯೂ ಒಂದೆಂದು ನಿನಗೆ ಗೊತ್ತು. ಇದು ಗೊತ್ತಿಲ್ಲ: ಬೆಳಗ್ಗೆ ಏಳಕ್ಕೆ ನಾನು ಕೇಂದ್ರದಿಂದ ಮನೆಗೆ ಓಡಿಬಂದು, ಬಾಗಿಲಿಗೆ ಅಡ್ಡ ನಿಂತು, "ಇವತ್ತು ಹೋಗ್ಬೇಡಿ, ದೊಡ್ಡ ಗಾಳಿ ಬರುತ್ತೆ," ಅಂದಿದ್ದೆ. "ನಿಂದು ಯಾವಾಗ್ಲೂ ಇದೇ," ಎಂದು ನಕ್ಕು, ನನ್ನನ್ನು ಪಕ್ಕಕ್ಕೆ ಸರಿಸಿ ಹೋದರು. ಹಿತ್ತಲ ಗಿಡ ಮದ್ದಲ್ಲವಲ್ಲ. ಅದೇ ಮಾತು ನಿನ್ನ ಬಾಯಲ್ಲಿ ಬಂದಾಗ ದೋಣಿ ತಿರುಗಿಸಿದರು. ಈಗಲೂ ಮನೆಗೆ ಬಂದವರಿಗೆಲ್ಲ, "ನನ್ನ ನಾದಿನಿ ಜೀವ ಉಳಿಸಿದ್ಲು," ಅನ್ನುತ್ತಾರೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಅವರು ಬದುಕಿ ಬಂದದ್ದಕ್ಕೆ ನಿನ್ನನ್ನು ದಿನವೂ ನೆನೆಯುತ್ತೇನೆ, ಗುಬ್ಬಿ. ಬಂದದ್ದು ನಿನ್ನ ಮಾತಿಗೆ ಎಂಬುದನ್ನು ಕ್ಷಮಿಸಲು ಮಾತ್ರ ನನ್ನಿಂದ ಇನ್ನೂ ಆಗಿಲ್ಲ.