ಹಳದಿ ಜಾಕೆಟ್ಟೇ ಹಾಕ್ಕೊಳ್ಳಿ

ರೀ,

ಹೊಸ ಹಳದಿ ಜಾಕೆಟ್ ಕುರ್ಚಿ ಮೇಲಿದೆ. ಕೆಲಸಕ್ಕೆ ಅದನ್ನೇ ಹಾಕ್ಕೊಂಡು ಹೋಗಿ.

ಅಗ್ಗದ್ದು ಅಂತ ಮೂಗು ಮುರಿಯಬೇಡಿ. ತೆಳ್ಳಗಿದ್ರೂ ಗಾಳಿ ನುಗ್ಗಲ್ಲ, ಒಳಗೊಂದು ಸ್ವೆಟರ್ ಇದ್ರೆ ಸಾಕು.

ಹೋದ ವರ್ಷ ಅಂಗಡಿ ಕನ್ನಡಿ ಮುಂದೆ ನೆಟ್ಟಗೆ ನಿಂತು ಆ ಕಪ್ಪು ಜಾಕೆಟ್ ಆರಿಸಿದ್ರಿ. ಸೈಕಲ್ ಮೇಲೆ ಬಗ್ಗಿದ್ರೆ ಸೊಂಟವೆಲ್ಲ ಬಯಲು! ಭಾನುವಾರ ನಿಮ್ಮನ್ನ ಊಟದ ಮೇಜಿನ ಮೇಲೆ ಬಗ್ಗಿಸಿ ಅಳತೆ ತಗೊಂಡಿದ್ದು ಇದಕ್ಕೇ. ಬೆನ್ನ ಕೆಳಗೆ ಒಂದು ಗೇಣು ಬಟ್ಟೆ ಸೇರಿಸಿದ್ದೀನಿ, ಹೊಳೆಯೋ ಪಟ್ಟಿನೂ ಹೊಲಿದಿದ್ದೀನಿ. ಹದಿನೆಂಟು ವರ್ಷದಿಂದ ಊರವರ ಬಟ್ಟೆ ಹೊಲಿಯೋ ಕೈ ಇದು, ನಂಬಿ.

ಕಪ್ಪು ಜಾಕೆಟ್ ಹುಡುಕಬೇಡಿ, ನಾನೇ ಹಾಕ್ಕೊಂಡು ಹೊರಟಿದ್ದೀನಿ. ಮೊನ್ನೆ ಕತ್ತಲಲ್ಲಿ ಆ ಲಾರಿಯವನು ನಿಮ್ಮನ್ನ ನೋಡಲೇ ಇಲ್ಲ.

ಸಂಜೆ ಕಿಟಕಿ ಹತ್ರ ನಿಂತಿರ್ತೀನಿ. ತಿರುವಿನಲ್ಲೇ ನನಗೆ ಹಳದಿ ಕಾಣಬೇಕು.