ಹೊಸ್ತಿಲು ದಾಟಬಾರದ ದುಡ್ಡು

ಅಪ್ಪಾ,

ನೀವು ಹೋಗಿ ಎಂಟು ತಿಂಗಳಾದ ಮೇಲೆ, ಇವತ್ತು ನಿಮ್ಮ ಸಾಲ ತೀರಿತು. ತಂಗಿ ಹಂಸಿನಿಯ ಮದುವೆಗೆಂದು ಅಡವಿಟ್ಟಿದ್ದ ಮನೆಪತ್ರ ಕೊಡುತ್ತಾ ಬ್ಯಾಂಕಿನವರು, "ಭಟ್ರ ಮಗ ಅಲ್ವಾ? ಈಗ ದೇವಸ್ಥಾನದ ಪೂಜೆ ನಿಮ್ದೇನಾ?" ಎಂದರು. ಅಲ್ಲ, ಮಾಕುಟ್ಟ ಗಡಿ ದಾಟಿ ಕೇರಳಕ್ಕೆ ಹಂದಿಮಾಂಸದ ವ್ಯಾನ್ ಓಡಿಸುತ್ತೇನೆ ಎಂದೆ.

ಆ ಕೆಲಸಕ್ಕೆ ಸೇರಿದ ದಿನ ನೀವು, "ಆ ದುಡ್ಡು ಈ ಹೊಸ್ತಿಲು ದಾಟಬಾರದು" ಎಂದಿರಿ. ಊಟ ಮುಗಿಸಿ ಕೈ ತೊಳೆಯುತ್ತಾ, "ಬ್ಯಾಂಕಿಗೇ ನೇರ ಕಟ್ಟಿದ್ರೆ ಅಡ್ಡಿಯಿಲ್ಲ" ಎಂದಿರಿ. ಏಳು ವರ್ಷ ಹಾಗೆಯೇ ಕಟ್ಟಿದೆ. ಮನೆಗೆ ಬಂದಾಗಲೆಲ್ಲ ಬಾವಿಕಟ್ಟೆಯಲ್ಲಿ ಮಿಂದೇ ಒಳಗೆ ಬಂದೆ. ಕೊನೆಗೆ ನೀವು ಮಲಗಿದ್ದ ಆಸ್ಪತ್ರೆಯಲ್ಲಿ ಬಾವಿ ಇರಲಿಲ್ಲ. ನಿಮ್ಮ ಕೋಣೆಯ ಬಾಗಿಲಲ್ಲೇ ನಿಂತು, ನಿಮ್ಮನ್ನು ನೋಡಿ ವಾಪಸ್ಸು ಹೋದೆ.

ಇವತ್ತು ವ್ಯಾನಿನ ವಾಸನೆಯ ಅಂಗಿಯಲ್ಲೇ ಮನೆಪತ್ರ ಹಿಡಿದು ಬಂದೆ. ಅಭ್ಯಾಸಬಲದಿಂದ ಅಮ್ಮ, "ನೀರು ಸೇದಿಟ್ಟಿದ್ದೀನಿ, ಮಿಂದು ಬಾರೋ" ಎಂದಳು.

"ಇನ್ಮೇಲೆ ಇಲ್ಲಮ್ಮ" ಎಂದೆ. "ದೇವಸ್ಥಾನದವರು ಪೂಜೆಗೂ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಲಿ."

ಅಮ್ಮ ದಾರಿ ಬಿಟ್ಟಳು. ಆದರೂ ಹೊಸ್ತಿಲ ಹೊರಗೆ ತುಂಬಾ ಹೊತ್ತು ನಿಂತಿದ್ದೆ, ಅಪ್ಪಾ. ಒಳಗಿನಿಂದ ಯಾರೂ ಗದರಲಿಲ್ಲ.