ಹಿಂದಿನ ತಾರೀಖು

ಕಮರಿಪೇಟೆ, ಹುಬ್ಬಳ್ಳಿ
18 ಆಗಸ್ಟ್ 2004

ಯಜಮಾನರಿಗೆ ರಜನಿಯ ಶರಣು.

ಆರಾಮ ಇದ್ದೇನೆ ಎಂದು ಬರೆಯುವುದು ರೂಢಿ. ನಾನು ಆರಾಮ ಇಲ್ಲ, ಅದಕ್ಕೇ ಹಾಗೆ ಬರೆಯುತ್ತಿಲ್ಲ.

ಲಾರಿ ಓಡಿಸುವ ಮೆಹಬೂಬ ಮುಂಬೈಯಿಂದ ನಿಮ್ಮ ಚೀಟಿಯನ್ನೂ ಕಲ್ಲನ್ನೂ ತಂದುಕೊಟ್ಟ. "ಯಾರಿಗೂ ತೋರಸಬ್ಯಾಡ್ರಿ ಅಂದಾರ, ವೈನಿ" ಎಂದ. ವಜ್ರವಂತೆ! ನನಗೆ ಕಲ್ಲುಸಕ್ಕರೆಯ ಚೂರಿನಂತೆ ಕಂಡಿತು. ನೀವು ಕಾಂಗೋ ಬಿಟ್ಟು ಮುಂಬೈಗೆ ಬಂದು ವರ್ಷವಾಯಿತೆಂದು ಗೊತ್ತಾದದ್ದೂ ಅವನಿಂದಲೇ. ಒಂದು ರಾತ್ರಿಯ ಬಸ್ಸಿನ ದಾರಿ. ಆದರೂ ನೀವು ಬರಲಿಲ್ಲ.

ಚೀಟಿಯನ್ನು ನಾಲ್ಕು ಸಲ ಓದಿದೆ. ಯಾವ ದೇಶದ ಗಣಿಯದೆಂಬ ಪ್ರಮಾಣಪತ್ರವಿಲ್ಲದೆ ಹೋದ ವರ್ಷದಿಂದ ಕಚ್ಚಾ ವಜ್ರ ಗಡಿ ದಾಟುವಂತಿಲ್ಲ, ಹಾಗಾಗಿ ಇದು 2001ರಲ್ಲೇ ಮನೆಗೆ ಬಂದಿತ್ತೆಂದು ತೋರಿಸಲು ಆಗಿನ ತಾರೀಖು ಹಾಕಿ ನಾನು ನಿಮಗೊಂದು ಪತ್ರ ಬರೆಯಬೇಕು ಎಂದಿದ್ದೀರಿ. ಮನೆ ಬಿಟ್ಟು ಹೋದ ಈ ಏಳು ವರ್ಷಗಳಲ್ಲಿ ನೀವು ನನ್ನಿಂದ ಪತ್ರ ಕೇಳಿದ್ದು ಇದೇ ಮೊದಲು. ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ವಿಮಾನ ಅಂಚೆಯ ಹಳೆಯ ಕಾಗದ ಹುಡುಕು ಎಂದಿರಿ. ಹುಡುಕುವುದೇನು, ಕಟ್ಟೇ ಇದೆ. ನಿಮ್ಮ ವಿಳಾಸ ತಿಳಿಯದೆ ಎಲ್ಲ ಖಾಲಿ ಉಳಿದವು.

ಕೂತು ಬರೆದೆ. ಕಲ್ಲು ತಲುಪಿತು, ದೇವರ ಜಗುಲಿಯ ಮೇಲೆ ಇಟ್ಟಿದ್ದೇನೆ ಎಂದೆ. ಓದಿದವರಿಗೆ ನಿಜವೆನ್ನಿಸಬೇಕಲ್ಲ, ಅವ್ವ ಚೆನ್ನಾಗಿದ್ದಾರೆ ಎಂದೂ ಸೇರಿಸಿದೆ. ಆಗ ನಿಮ್ಮ ತಾಯಿ ಇದ್ದರು. ಮರುವರ್ಷ ಶ್ರಾವಣದಲ್ಲಿ ತೀರಿಕೊಳ್ಳುವವರೆಗೂ ದಿನಾ "ಗುರುಪಾದ ಬಂದಾನೇನ ನೋಡವಾ" ಎಂದು ನನ್ನನ್ನು ಬಾಗಿಲಿಗೆ ಕಳಿಸುತ್ತಿದ್ದರು. ಕೊನೆಗೆ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಹೋಗದಿದ್ದರೂ ನಡೆಯುತ್ತಿತ್ತು. ಆದರೂ ಹೋಗಿ ನಿಂತು ಬರುತ್ತಿದ್ದೆ. ಇದೆಲ್ಲ ನೆನಪಾಗಿ ಕೈ ನಿಂತಿತು. ಬರೆದದ್ದನ್ನು ಹರಿದು ಒಲೆಗೆ ಹಾಕಿದೆ.

ಇಂಥ ಕಲ್ಲು ಮಾರಿ ಕಾಂಗೋದ ಕಡೆ ದಂಗೆಕೋರರು ಬಂದೂಕು ಕೊಳ್ಳುತ್ತಾರೆಂದು ಪೇಪರಿನಲ್ಲಿ ಓದಿದ್ದೆ. ಅದಕ್ಕೇ ಎಷ್ಟೋ ದೇಶಗಳು ಕೂಡಿ ಈ ಕಾಯ್ದೆ ತಂದವಂತೆ. ಒಂದು ಕಲ್ಲು ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು ಎಂದು ಕೇಳಲು ಇಷ್ಟು ಜನರಿದ್ದಾರೆ. ಗಂಡ ಎಲ್ಲಿದ್ದ ಎಂದು ಕೇಳಲು ನಾನೊಬ್ಬಳೇ. ಕೇಳಿ ಕೇಳಿ ನನಗೂ ಸಾಕಾಗಿದೆ.

ಹಿಂದಿನ ತಾರೀಖಿನ ಪತ್ರ ನನ್ನಿಂದಾಗದು. ಆ ವರ್ಷಗಳನ್ನು ಒಬ್ಬಳೇ ಕಳೆದಿದ್ದೇನೆ. ನೀವು ಜೊತೆಗಿದ್ದಿರಿ ಎಂಬಂತೆ ಈಗ ಬರೆಯಲು ನನಗೆ ಬರುವುದಿಲ್ಲ.

ಇನ್ನೂ ನಿಮ್ಮವಳೇ ಆದ
ರಜನಿ

ತಾ.ಕ.: ನಿನ್ನೆ ಕಲ್ಲನ್ನು ಕಸ್ಟಮ್ಸ್ ಕಚೇರಿಗೆ ಒಪ್ಪಿಸಿ ಬಂದೆ. ಕಳಿಸಿದವರ ಹೆಸರು ಕೇಳಿದರು, ನಿಮ್ಮದನ್ನು ಹೇಳಿದೆ. ಶಿಕ್ಷೆ ಏನೆಂದು ನಾನು ಕೇಳಲಿಲ್ಲ. ವಿಚಾರಣೆಗೆ ನಮ್ಮ ಯಜಮಾನರು ಹುಬ್ಬಳ್ಳಿಗೇ ಬರಬೇಕಾಗುತ್ತದೆಯೇ ಎಂದಷ್ಟೇ ಕೇಳಿದೆ. ಹೌದಂತೆ.